ಎರವಲು ಹೆಸರಿನ ಋಣ

ಕಳೆದ ವರ್ಷ ನಮ್ಮ ಬಂಧುಗಳ ಮನೆಯಲ್ಲಿ ಒಂದು ತೊಟ್ಟಿಲ ಶಾಸ್ತ್ರ. ಗುಂಡುಕಲ್ಲಿಗೆ ಕುಲಾವಿ ತೊಡಿಸಿ ಮೊದಲು ಅದನ್ನೇ ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ಕೂಸನ್ನು ಒಬ್ಬರು ತೊಟ್ಟಿಲ ಕೆಳಗಿನಿಂದ ಕೊಟ್ಟರು, ಇನ್ನೊಬ್ಬರು ಮೇಲಿನಿಂದ ತೆಗೆದುಕೊಂಡರು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಿದ್ದ ಹಾಗೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಹೆಸರೇನು ಎಂದು ಎಲ್ಲರೂ ಕೇಳಿದಾಗ ‘ಮೈರಾ’ ಎಂದರು. ತೊಂಬತ್ತು ದಾಟಿದ ಮುತ್ತಜ್ಜಿಗೆ ಸರಿಯಾಗಿ ಕೇಳಿಸಲಿಲ್ಲ. ‘ಏನಂದ್ರಿ, ಮೀರವ್ವನ?’ ಎಂದಳು. ಮೊಮ್ಮಗಳು ತಿದ್ದಿ ಹೇಳಿದಳು. ಅಜ್ಜಿ ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ‘ಆಗ್ಲಿ, ಮೈರವ್ವ’ ಎಂದು ತೊಟ್ಟಿಲು ತೂಗಿದಳು. ಸ್ವಲ್ಪ ಹೊತ್ತಿನ ಮೇಲೆ, ‘ಹಂಗಂದ್ರ ಏನೋ ತಮ್ಮಾ?’ ಎಂದು ಕೂಸಿನ ಅಪ್ಪನನ್ನು ಕೇಳಿದಳು. ಅವನು ಫೋನ್ ತೆಗೆದು, ‘ಸಂಸ್ಕೃತದಾಗ ಪ್ರೀತಿಪಾತ್ರಳು ಅಂತ, ಆಯಿ’ ಎಂದು ಓದಿ ಹೇಳಿದ.

ಮೈರಾ ಸಂಸ್ಕೃತದ ಮಾತಲ್ಲ. ಫುಲ್ಕ್ ಗ್ರೆವಿಲ್ (1554–1628) ಎಂಬ ಇಂಗ್ಲಿಷ್ ಕವಿ ತನ್ನ ಪ್ರೇಮಕವಿತೆಗಳ ಹೆಣ್ಣಿಗಾಗಿ ಕಟ್ಟಿಕೊಂಡ ಹೆಸರು ಅದು. ನಾಲ್ಕು ನೂರು ವರ್ಷ ದಾಟಿ ನಮ್ಮ ತೊಟ್ಟಿಲಿಗೆ ಬರುವಾಗ ಯಾರೋ ಅದಕ್ಕೊಂದು ಸಂಸ್ಕೃತದ ಅರ್ಥ ಹಚ್ಚಿದ್ದಾರೆ. ಕಿಯಾರಾ ಎಂಬ ಹೆಸರಿನ ಕಥೆಯೂ ಹೆಚ್ಚುಕಡಿಮೆ ಇದೇ. ಇಟಲಿಯ ಆ ಹೆಸರಿಗೆ ‘ಬೆಳಕುಳ್ಳವಳು’ ಎಂದರ್ಥ. ಅಸ್ಸಿಸಿಯ ಸಂತಳೊಬ್ಬಳ ಹೆಸರು. ಇಲ್ಲಿ ಅದು ಮನೆಮಾತಾದದ್ದು 2010ರ ‘ಅಂಜಾನಾ ಅಂಜಾನಿ’ ಹಿಂದಿ ಚಿತ್ರದ ನಾಯಕಿಯಿಂದ, ಆಮೇಲೆ ಆ ಪಾತ್ರದ ಹೆಸರನ್ನೇ ತನ್ನದಾಗಿಸಿಕೊಂಡ ನಟಿಯಿಂದ. ಇವುಗಳಲ್ಲಿ ಯಾವುದೂ ಕೆಟ್ಟ ಹೆಸರಲ್ಲ. ಆದರೆ ಬೇರೆ ನಾಡಿನ, ಬೇರೆ ಮತದ, ಬೇರೆ ನುಡಿಯ ಹೆಸರನ್ನು ಮಗುವಿಗೆ ಇಡಬಹುದೇ, ಇಟ್ಟರೆ ಹೇಗೆ ಇಡಬೇಕು ಎಂಬ ಪ್ರಶ್ನೆ ಈಗ ಪ್ರತಿ ಮನೆಯಲ್ಲೂ ಏಳುತ್ತಿದೆ. ಅದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರ ಒಂದಿದೆ. ಅದು ನಮಗೆ ಮರೆತುಹೋಗುತ್ತಿದೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಅದೇ ಮುತ್ತಜ್ಜಿಯ ಅಣ್ಣನ ಹೆಸರು ಹುಸೇನಪ್ಪ. ಮನೆಯವರು ಮುಸಲ್ಮಾನರಲ್ಲ, ಹಣೆಗೆ ವಿಭೂತಿ ಹಚ್ಚುವವರು. ಅಜ್ಜಿ ಹೇಳುವ ಪ್ರಕಾರ, ಹುಟ್ಟಿದ ಎರಡು ಕೂಸು ಉಳಿಯಲಿಲ್ಲ ಎಂದು ಅವಳ ತಾಯಿ ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಬೇಡಿಕೊಂಡಳಂತೆ. ಮಗ ಉಳಿದ. ಅವನಿಗೆ ಹುಸೇನನ ಹೆಸರೇ ಬಂತು. ಪ್ರತಿ ವರ್ಷ ಕೊರಳಿಗೆ ಲಾಡಿ ಕಟ್ಟಿ ಅವನನ್ನು ಫಕೀರನನ್ನಾಗಿ ಮಾಡುತ್ತಿದ್ದರು, ಮನೆಯಲ್ಲಿ ಚೊಂಗೆ ಎಂಬ ಸಿಹಿ ತಿನಿಸು ಸುಡುತ್ತಿದ್ದರು, ಸಕ್ಕರೆ ಓದಿಸಿಕೊಂಡು ಬರುತ್ತಿದ್ದರು. ರಾಯಚೂರು, ಕೊಪ್ಪಳ, ಗದಗ, ವಿಜಯಪುರ, ಕಲಬುರಗಿಯ ಕಡೆ ಹಳ್ಳಿಗಳಲ್ಲಿ ಇಂಥ ಹೆಸರಿನವರು ಇಂದಿಗೂ ಸಿಗುತ್ತಾರೆ: ಹುಸೇನಪ್ಪ, ಮೌಲಪ್ಪ, ಫಕೀರಪ್ಪ, ಫಕೀರವ್ವ, ಲಾಲಪ್ಪ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಜಾತಿಮತ ನೋಡದೆ ಜನ ಸೇರುವುದನ್ನು ಕಂಡವರಿಗೆ ಈ ಹೆಸರುಗಳ ಬೇರು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಂತೂ ಮಠದ ಹೆಸರೇ ಫಕೀರೇಶ್ವರ ಮಠ. ಪೀಠದ ಸ್ವಾಮಿಗಳ ಹೆಸರಿನ ಮೊದಲಿಗೆ ಫಕೀರ ಎಂಬ ಮಾತು ಇರುತ್ತದೆ.

ಈ ಹೆಸರುಗಳನ್ನು ಹತ್ತಿರದಿಂದ ನೋಡಿ. ಹುಸೇನ್ ಎಂಬುದು ಅರಬ್ಬಿ. ಕರ್ಬಲಾದಲ್ಲಿ ಮಡಿದ ಪ್ರವಾದಿಯ ಮೊಮ್ಮಗನ ಹೆಸರು. ಅದಕ್ಕೆ ಕನ್ನಡ ತಾಯಿ ಒಂದು ‘ಅಪ್ಪ’ ಸೇರಿಸಿದಳು. ಅಷ್ಟೇ. ಬಸಪ್ಪ, ಕಲ್ಲಪ್ಪ, ಮಲ್ಲಪ್ಪರ ಸಾಲಿನಲ್ಲಿ ಹುಸೇನಪ್ಪನೂ ಕೂತ. ಮೂಲವನ್ನು ಮುಚ್ಚಿಡಲಿಲ್ಲ, ಅದು ಸಂಸ್ಕೃತ ಎಂದು ಸುಳ್ಳು ಹೇಳಲಿಲ್ಲ. ಯಾರ ಹೆಸರು, ಯಾಕೆ ಇಟ್ಟದ್ದು, ಯಾರಿಗೆ ಏನು ಸಲ್ಲಬೇಕು ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು. ಎರವಲು ತಂದ ಹೆಸರಿನ ಜತೆಗೆ ಒಂದು ಋಣವೂ ಮನೆಗೆ ಬಂತು, ಮನೆ ಅದನ್ನು ವರ್ಷವರ್ಷ ತೀರಿಸುತ್ತ ಬಂತು. ಪರನಾಡಿನ ಹೆಸರು ಇಡುವ ರೀತಿಗಳಲ್ಲಿ ಇದಕ್ಕಿಂತ ಮರ್ಯಾದೆಯದನ್ನು ನಾನು ಕಂಡಿಲ್ಲ.

ಅರಮನೆಗಳಲ್ಲೂ ಇದೇ ದಾರಿ ಇತ್ತು. ಮಾಲೋಜಿ ಭೋಸಲೆ ಅಹ್ಮದ್‌ನಗರದ ಸೂಫಿ ಸಂತ ಷಾ ಶರೀಫರ ಕೃಪೆಯಿಂದ ಮಕ್ಕಳಾದರೆಂದು ನಂಬಿ ಒಬ್ಬನಿಗೆ ಶಹಾಜಿ, ಇನ್ನೊಬ್ಬನಿಗೆ ಶರೀಫಜಿ ಎಂದು ಹೆಸರಿಟ್ಟದ್ದು ಮರಾಠಿ ಬಖರುಗಳ ಕಾಲದಿಂದ ಹೇಳಿಕೊಂಡು ಬಂದ ಮಾತು. ಆ ಶಹಾಜಿ ಶಿವಾಜಿಯ ತಂದೆ. ಬೆಂಗಳೂರು ಅವನ ಜಹಗೀರಾಗಿತ್ತು. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡ. ಅವನ ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಅಲ್ಲಿಗೆ ಹೋಗಿ ಕೈಮುಗಿಯುವವರು ಆ ಹೆಸರಿನೊಳಗೆ ಒಬ್ಬ ಫಕೀರನೂ ಇದ್ದಾನೆ ಎಂಬುದನ್ನು ನೆನೆಯಬೇಕು.

ಹೆಸರುಗಳು ನಮ್ಮಲ್ಲಿಗೆ ಬಂದದ್ದು ಮಾತ್ರವಲ್ಲ, ಇಲ್ಲಿಂದಲೂ ಹೋಗಿವೆ. ಜಾವಾ ದ್ವೀಪದ ಒಬ್ಬ ಶಾಲಾ ಮಾಸ್ತರರು ತಮ್ಮ ಮಗ ಕುಸ್ನೋ ಪದೇಪದೇ ಕಾಯಿಲೆ ಬೀಳುತ್ತಾನೆಂದು ಅವನ ಹೆಸರು ಬದಲಿಸಿ ಮಹಾಭಾರತದ ಕರ್ಣನ ಹೆಸರಿಟ್ಟರು. ಜಾವಾದ ಉಚ್ಚಾರಣೆಯಲ್ಲಿ ಅದು ಕರ್ನೊ, ಮುಂದೆ ‘ಸು’ ಸೇರಿ ಸುಕರ್ನೊ. ಮುಸಲ್ಮಾನನಾಗಿ ಹುಟ್ಟಿ ಮುಸಲ್ಮಾನನಾಗಿಯೇ ಬಾಳಿದ ಆ ಹುಡುಗ ಇಂಡೋನೇಷ್ಯಾದ ಮೊದಲ ಅಧ್ಯಕ್ಷನಾದ. ಅವನ ಮಗಳು ಮೇಘವತಿ, ಆಕೆಯೂ ಮುಂದೆ ಅಧ್ಯಕ್ಷೆ. ಆ ಹೆಸರು ಸೂಚಿಸಿದ್ದು ಬಿಜು ಪಟ್ನಾಯಕ್ ಎಂಬುದು ಒಡಿಶಾದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಮತ ಬದಲಾದರೂ ಜಾವಾದ ಜನ ಮಹಾಭಾರತದ ಹೆಸರು ಬಿಟ್ಟುಕೊಡಲಿಲ್ಲ. ವಯಾಂಗ್ ಎಂಬ ತೊಗಲುಗೊಂಬೆ ಆಟದಲ್ಲಿ ರಾತ್ರಿಯಿಡೀ ಆ ಕಥೆ ಕೇಳುತ್ತ ಬೆಳೆದ ಜನ ಅವರು. ಕರ್ಣ ಅವರಿಗೆ ಹೊರಗಿನವನೇ ಅಲ್ಲ.

ಇನ್ನೂ ದೂರ ಹೋದ ಹೆಸರೊಂದಿದೆ. ಬುದ್ಧನ ಕಥೆ ಪರ್ಷಿಯಾ, ಅರಬ್ ನಾಡು, ಜಾರ್ಜಿಯಾ, ಗ್ರೀಸ್ ದಾಟಿ ಯುರೋಪಿಗೆ ಹೋಯಿತು. ದಾರಿಯಲ್ಲಿ ಬೋಧಿಸತ್ವ ಎಂಬ ಮಾತು ಬೋದಾಸಫ್, ಯೂದಾಸಫ್ ಎಂದು ಸವೆಯುತ್ತ ಕೊನೆಗೆ ಜೋಸಫತ್ ಆಯಿತು. ಅರಮನೆ ಬಿಟ್ಟು ಹೋದ ಆ ರಾಜಕುಮಾರನನ್ನು ಕ್ರೈಸ್ತರು ಸಂತನೆಂದು ಪೂಜಿಸಿದರು, ತಮ್ಮ ಮಕ್ಕಳಿಗೂ ಸನ್ಯಾಸಿಗಳಿಗೂ ಆ ಹೆಸರಿಟ್ಟರು. ತಾವು ಬುದ್ಧನ ಹೆಸರು ಹೊತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ.

ಇದಕ್ಕೆ ಎದುರಾಗಿ, ಗ್ರೀಕನೊಬ್ಬನ ಹೆಸರು ನಮ್ಮಲ್ಲಿ ಬೌದ್ಧ ಹೆಸರಾಗಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಮಿನಾಂಡರ್, ನಾಗಸೇನನೆಂಬ ಭಿಕ್ಷುವಿಗೆ ಕೇಳಿದ ಪ್ರಶ್ನೆಗಳ ಪಾಲಿ ಗ್ರಂಥದಲ್ಲಿ ಮಿಲಿಂದನಾದ. ಬಾಬಾಸಾಹೇಬ್ ಅಂಬೇಡ್ಕರ್ ಆಗಿನ ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಮಿಲಿಂದ ಎಂಬ ಹೆಸರೇ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದ ಧಮ್ಮದೀಕ್ಷೆಯ ನಂತರ ಗೌತಮ, ರಾಹುಲ, ಸಿದ್ಧಾರ್ಥ, ಸುಜಾತ ಎಂಬ ಹೆಸರುಗಳ ಜತೆಗೆ ಮಿಲಿಂದನೂ ದಲಿತ ಮನೆಗಳಿಗೆ ಬಂದ. ಕಲಬುರಗಿ, ಬೀದರಿನ ಓಣಿಗಳಲ್ಲಿ ಮಿಲಿಂದ ಎಂದು ಕೂಗಿದರೆ ಓಗೊಡುವವರು ಇದ್ದಾರೆ. ಈ ಹೆಸರುಗಳ ಮಹತ್ವ ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. ಒಳ್ಳೆಯ ಹೆಸರಿಡುವುದಕ್ಕೂ ಊರ ಮೇಲುಜಾತಿಯವರ ಅಪ್ಪಣೆ ಬೇಕಿದ್ದ ಕಾಲವದು. ಕರಿಯ, ಕೆಂಚ, ಸಣ್ಣ ಎಂದು ಮೈಬಣ್ಣದ ಮೇಲೋ ಗಾತ್ರದ ಮೇಲೋ ಕೂಗಿಸಿಕೊಂಡವರ ಮಕ್ಕಳು ದೊರೆಯೊಬ್ಬನ ಹೆಸರು ಹಿಡಿದು ಶಾಲೆಗೆ ಹೋದರು. ಎಲ್ಲಿಂದಲೋ ಬಂದ ಹೆಸರು ಇಲ್ಲಿಯ ಜನರಿಗೆ ಬಿಡುಗಡೆ ತಂದ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ರಾಜಕೀಯದ ಗಾಳಿ ತಂದ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ವಾತಂತ್ರ್ಯ ಚಳವಳಿ ಬಂಗಾಳದ ಸುಭಾಷ, ರವೀಂದ್ರ, ಅರವಿಂದರನ್ನು ಕನ್ನಡದ ಹಳ್ಳಿಗಳಿಗೆ ತಂದಿತು. ತಮಿಳುನಾಡಿನಲ್ಲಿ ಕರುಣಾನಿಧಿಯವರು 1953ರ ಮಾರ್ಚ್ 1ರಂದು ಹುಟ್ಟಿದ ಮಗನಿಗೆ, ಅದೇ ವಾರ ತೀರಿಕೊಂಡ ಸೋವಿಯತ್ ನಾಯಕನ ನೆನಪಿಗೆ ಸ್ಟಾಲಿನ್ ಎಂದು ಹೆಸರಿಟ್ಟರು. ರಷ್ಯಾದಲ್ಲಿ ಗಂಡಸಿನ ಹೆಸರಾದ ನಿಕಿತಾ (ಕ್ರುಶ್ಚೇವ್ ಅವರ ಹೆಸರು ಅದೇ) ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರು, ಕೊನೆಯ ಆಕಾರ ನಮ್ಮ ಕಿವಿಗೆ ಹೆಣ್ಣು ಎನಿಸುತ್ತದೆ. ಸ್ಪೇನಿನವರಿಗೆ ಅನಿತಾ ಎಂದರೆ ಅನಾ ಎಂಬ ಹೆಸರಿನ ಮುದ್ದಿನ ರೂಪ. ನಮ್ಮಲ್ಲಿ ಅನಿತಾ ಸುನೀತಾಳ ಪಕ್ಕದಲ್ಲಿ ಕೂತು ಎಷ್ಟೋ ಕಾಲವಾಯಿತು, ಅವಳನ್ನು ಯಾರೂ ಹೊರಗಿನವಳು ಎನ್ನುವುದಿಲ್ಲ. ಆಗಿನ ರಾಮನಗರ ಜಿಲ್ಲೆಯ ಭದ್ರಾಪುರದ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಹೈಕೋರ್ಟ್, ಕಾಫಿ, ಮೈಸೂರುಪಾಕ್, ಗೂಗಲ್ ಎಂದೆಲ್ಲ ಹೆಸರಿಡುವುದನ್ನು ಪತ್ರಿಕೆಗಳು ಸೋಜಿಗದ ಸುದ್ದಿಯಾಗಿ ಬರೆದವು. ಕಾಡು ಬಿಟ್ಟು ಬಂದು ಪಟ್ಟಣದ ಬದಿಯಲ್ಲಿ ನೆಲೆ ನಿಂತ ಅಲೆಮಾರಿಗಳು ಕಣ್ಣಿಗೆ ಕಂಡ ಹೊಸ ಲೋಕವನ್ನು ಮಕ್ಕಳ ಹೆಸರಿನಲ್ಲಿ ಬರೆದಿಟ್ಟುಕೊಂಡರು. ಮಳೆಗಾಲದಲ್ಲಿ ಹುಟ್ಟಿದವನಿಗೆ ಮಳೆಯಪ್ಪ ಎನ್ನುವ ರೀತಿಯೇ ಅದು. ನಗುವುದಕ್ಕೆ ಅದರಲ್ಲೇನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಯಾವ ಹೆಸರನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು ಎಂದು ಅನಿಸಬಹುದು. ಹಾಗಿಲ್ಲ. ಹವಾಯಿ ದ್ವೀಪಗಳ ಕಥೆ ಕೇಳಿ. ಅಲ್ಲಿಯ ಮೂಲ ಜನರಿಗೆ ಹೆಸರು ಕನಸಿನಲ್ಲಿ ಬರುವುದುಂಟು. ಹಿರಿಯರೊಬ್ಬರ ಕನಸಿನಲ್ಲಿ ಕುಲದೈವ ಬಂದು ಹೆಸರು ಹೇಳಿದರೆ ಅದನ್ನೇ ಇಡಬೇಕು. ಅದಕ್ಕೆ ‘ಇನೋವ ಪೋ’ ಎನ್ನುತ್ತಾರೆ, ಇರುಳ ಹೆಸರು ಎಂದು ಅರ್ಥ. ಹೆಸರು ಅವರಿಗೆ ಮನೆತನದ ಆಸ್ತಿ. 1860ರಲ್ಲಿ ಅಲ್ಲೊಂದು ಕಾನೂನು ಬಂತು: ಇನ್ನು ಮುಂದೆ ಹುಟ್ಟುವ ಪ್ರತಿ ಮಗುವಿಗೂ ಕ್ರೈಸ್ತ ಹೆಸರು ಮೊದಲ ಹೆಸರಾಗಿರಬೇಕು. ಹವಾಯಿಯ ಸ್ವಂತ ಹೆಸರು ಎರಡನೆಯ ಸ್ಥಾನಕ್ಕೆ ಸರಿಯಿತು. ಆ ಕಾನೂನು ರದ್ದಾದದ್ದು 1967ರಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯ ತಾಯಂದಿರು ತಮ್ಮ ಮಕ್ಕಳಿಗೆ ಲೈಲಾನಿ ಎಂದು ಮೊದಲ ಹೆಸರಿಡಲಾಗದೆ ಕಳೆದರು. ಈಗ ಅಮೆರಿಕದ ಮೂಲೆಮೂಲೆಯಲ್ಲಿ, ಹವಾಯಿಯನ್ನು ಕಣ್ಣಲ್ಲೂ ನೋಡದವರು, ಕೇಳಲು ಇಂಪಾಗಿದೆ ಎಂದು ಮಗಳಿಗೆ ಲೈಲಾನಿ ಎನ್ನುತ್ತಾರೆ. ತಪ್ಪು ಎನ್ನಲು ಕಾನೂನಿಲ್ಲ. ಆದರೆ ಒಬ್ಬರಿಂದ ಕಿತ್ತುಕೊಂಡದ್ದನ್ನು ಇನ್ನೊಬ್ಬರು ಅಲಂಕಾರಕ್ಕೆ ತೊಟ್ಟರೆ ಕಳೆದುಕೊಂಡವರ ಮನಸ್ಸಿಗೆ ಏನಾಗುತ್ತದೆ ಎಂದು ಯೋಚಿಸಬೇಕು. ಯಹೂದಿಗಳಿಗೂ ಇಂಥದೇ ನೋವು ಒಂದಿದೆ. ಕೋಹೆನ್ ಎಂದರೆ ಅವರಲ್ಲಿ ಆರೋನನ ವಂಶದ ಪುರೋಹಿತ, ತಂದೆಯಿಂದ ಮಗನಿಗೆ ಇಳಿಯುವ ಪದವಿ. ಅದನ್ನು ಅಮೆರಿಕ, ಕೆನಡಾಗಳ ಕ್ರೈಸ್ತ ಮನೆಗಳು ಹುಡುಗರ ಮೊದಲ ಹೆಸರಾಗಿ ಇಡತೊಡಗಿದಾಗ ಅನೇಕ ಯಹೂದಿಗಳು ಬೇಡ ಎಂದರು. ಜಂಗಮದ ಪದವಿಯನ್ನೋ ಪೀಠದ ಬಿರುದನ್ನೋ ಯಾರೋ ಚೆಂದ ಕೇಳಿಸುತ್ತದೆ ಎಂದು ಮಗುವಿಗೆ ಇಟ್ಟರೆ ನಮಗೂ ಹಾಗೇ ಆಗುತ್ತದೆ.

ಹೆಸರನ್ನು ಹೇರುವುದಂತೂ ಇದಕ್ಕಿಂತ ಕ್ರೂರ. ಅಹ್ಮದ್‌ನಗರದ ರಾಜ್ಯವನ್ನು ಮೊಗಲರಿಂದ ಕಾಪಾಡಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದಾಗ ಅವನ ಹೆಸರು ಚಾಪು. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗುತ್ತ ಯಜಮಾನನೊಬ್ಬನಿಂದ ಅಂಬರ್ ಎಂಬ ಹೆಸರು ಪಡೆದ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಜನರ ಪೂರ್ವಿಕರೂ ಆಫ್ರಿಕಾದಿಂದ ಬಂದವರು. ಇಂದು ಅವರ ಹೆಸರುಗಳು ಹಿಂದೂ, ಕ್ರೈಸ್ತ, ಮುಸ್ಲಿಂ. ಆಫ್ರಿಕಾದ ಹೆಸರುಗಳು ಹೆಚ್ಚಾಗಿ ಉಳಿದಿಲ್ಲ. ಬಲ್ಗೇರಿಯಾದಲ್ಲಿ 1984–85ರ ಚಳಿಗಾಲದಲ್ಲಿ ಸರ್ಕಾರ ಲಕ್ಷಾಂತರ ತುರ್ಕರ ಹೆಸರುಗಳನ್ನು ಪೊಲೀಸರನ್ನು ನಿಲ್ಲಿಸಿ ಬದಲಿಸಿತು. ಗೋವೆಯಿಂದ ಬಂದ ಮಂಗಳೂರಿನ ಕ್ಯಾಥೊಲಿಕರು ಡಿಸೋಜ, ಲೋಬೊ, ಪಿಂಟೊ ಎಂಬ ಪೋರ್ಚುಗೀಸ್ ಹೆಸರುಗಳನ್ನು ಹೊತ್ತರೂ ತಮ್ಮ ಮನೆತನ ಹಿಂದೆ ಪ್ರಭುವೋ ಕಾಮತನೋ ಎಂಬ ನೆನಪನ್ನು ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಸಂತರ ಹೆಸರೇ ಇಡಬೇಕೆಂಬ ಒತ್ತಾಯ 1983ರ ಚರ್ಚ್ ಕಾನೂನಿನಲ್ಲಿ ಉಳಿಯಲಿಲ್ಲ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಅದು ಹೇಳುತ್ತದೆ. ಹಾಗಾಗಿ ಪ್ರವೀಣ ಡಿಸೋಜನೂ ಸುನೀತಾ ಪಿಂಟೊಳೂ ನಮಗೆ ನಿತ್ಯದ ಪರಿಚಯ.

ಸರ್ಕಾರಗಳು ತೊಟ್ಟಿಲಿಗೆ ಕೈ ಹಾಕಿದ ಕಡೆಯಲ್ಲೆಲ್ಲ ಜನ ಜಗ್ಗಾಡಿದ್ದಾರೆ. ಫ್ರಾನ್ಸಿನಲ್ಲಿ 1803ರ ಕಾನೂನು, ಪಂಚಾಂಗದ ಸಂತರ ಹೆಸರು ಇಲ್ಲವೆ ಪ್ರಾಚೀನ ಚರಿತ್ರೆಯ ಹೆಸರು ಮಾತ್ರ ಎಂದು ಕಟ್ಟು ಹಾಕಿತ್ತು. ಬ್ರೆಟನ್ ನುಡಿಯವರು ತಮ್ಮದೇ ಹೆಸರಿಡಲು ಕೋರ್ಟು ಹತ್ತಿದರು. ಪೂರ್ತಿ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ. ಐಸ್‌ಲ್ಯಾಂಡಿನಲ್ಲಿ 1991ರಿಂದ ಒಂದು ಹೆಸರು ಸಮಿತಿ ಇದೆ. ಹೊಸ ಹೆಸರು ಬಂದರೆ ಅದು ತಮ್ಮ ನುಡಿಯ ವಿಭಕ್ತಿಗಳಿಗೆ ಬಾಗುತ್ತದೆಯೇ ಎಂದು ನೋಡುತ್ತದೆ. ‘ತಂಗಾಳಿ’ ಎಂಬರ್ಥದ ಬ್ಲೈರ್ ಎಂಬ ಹೆಸರು ಗಂಡಿನದು ಎಂದು ಸಮಿತಿ ಹಟ ಹಿಡಿದದ್ದರಿಂದ ಹದಿನೈದು ವರ್ಷ ಸರ್ಕಾರಿ ಕಾಗದದಲ್ಲಿ ಬರೀ ‘ಹುಡುಗಿ’ಯಾಗಿ ಉಳಿದವಳೊಬ್ಬಳು 2013ರಲ್ಲಿ ಕೋರ್ಟಿನಲ್ಲಿ ಗೆದ್ದಳು. ನಾನು ಆ ಹುಡುಗಿಯ ಕಡೆಯವನೇ. ಆದರೂ ಸಮಿತಿ ಕೇಳುವ ಪ್ರಶ್ನೆಯಲ್ಲಿ ಹುರುಳಿದೆ. ಕನ್ನಡದಲ್ಲಿ ಹೆಸರಿಗೆ ‘ಗೆ’, ‘ಇಂದ’, ‘ನ’, ‘ಳ’ ಹತ್ತಬೇಕು. ಕೂಗುವಾಗ ಕೊನೆಯ ಸ್ವರ ಉದ್ದವಾಗಬೇಕು. ನಮ್ಮ ಅಜ್ಜಿಯಂದಿರು ಆ ಸಮಿತಿಯ ಕೆಲಸವನ್ನು ತೊಟ್ಟಿಲ ಪಕ್ಕದಲ್ಲೇ ಮಾಡಿ ಮುಗಿಸುತ್ತಿದ್ದರು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ತಿರುಗುಮುರುಗಾಗಿ ಬರುತ್ತದೆ. ಶಾಲೆಯ ಮೇಷ್ಟರು ಹಾಜರಿ ಕರೆಯುವಾಗ ಮಗುವಿನ ಹೆಸರಿನ ಮುಂದೆ ತಡವರಿಸಬಾರದು, ಊರಿನ ಅಜ್ಜಿಗೂ ಅದು ಒಗ್ಗಬೇಕು. ಹಾಗಾಗಿ ಮಾಯಾ, ಲೀಲಾ, ನೀಲ್, ಜಯ್, ದೇವ್ ಎಂಬ ಎರಡೂ ದಡದ ಹೆಸರುಗಳನ್ನು ಹುಡುಕುತ್ತಾರೆ. ಅಮೆರಿಕಕ್ಕೆ ಹೋದ ತಮಿಳು ವಿಜ್ಞಾನಿ ಶ್ಯಾಮಲಾ ಗೋಪಾಲನ್ ತಮ್ಮ ಮಕ್ಕಳಿಗೆ ಕಮಲಾ, ಮಾಯಾ ಎಂದು ಹೆಸರಿಟ್ಟಿದ್ದರು. ಅವರಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಉಪಾಧ್ಯಕ್ಷೆಯಾದಾಗಲೂ ಅವರ ಹೆಸರನ್ನು ಸರಿಯಾಗಿ ಹೇಳುವುದೇ ಅಲ್ಲಿ ಒಂದು ಚರ್ಚೆಯಾಗಿತ್ತು. ತಂದೆತಾಯಿಯರ ಅಂಜಿಕೆಗೆ ಆಧಾರವಿಲ್ಲದೆ ಇಲ್ಲ. ಮರಿಯಾನ್ ಬರ್ಟ್ರಂಡ್ ಮತ್ತು ಸೆಂಥಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೊಗಳಲ್ಲಿ ಸುಮಾರು 5,000 ಕೆಲಸದ ಅರ್ಜಿಗಳನ್ನು ಕಳಿಸಿ ನೋಡಿದರು. ಅರ್ಹತೆಗೆ ತಕ್ಕಂತೆ ಜೋಡಿಸಿದ ಅರ್ಜಿಗಳು, ಹೆಸರು ಮಾತ್ರ ಬೇರೆ. 2004ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಎಮಿಲಿ, ಗ್ರೆಗ್ ಎಂಬಂಥ ಬಿಳಿಯರ ಹೆಸರಿಗೆ ಲಕೀಶಾ, ಜಮಾಲ್ ಎಂಬಂಥ ಕಪ್ಪು ಜನರ ಹೆಸರಿಗಿಂತ ಶೇ. 50ರಷ್ಟು ಹೆಚ್ಚು ಕರೆ ಬಂದವು. ಟೊರಾಂಟೊದಲ್ಲಿ ಭಾರತೀಯ, ಚೀನೀ, ಪಾಕಿಸ್ತಾನಿ ಹೆಸರುಗಳ ಮೇಲೆ ನಡೆದ ಇಂಥದೇ ಪರೀಕ್ಷೆಯ ಫಲವೂ ಅದೇ ದಿಕ್ಕಿನದು. ಇದನ್ನು ತಿಳಿದ ಕನ್ನಡದ ತಾಯಿ ಮಗನಿಗೆ ನೀಲ್ ಎಂದು ಹೆಸರಿಟ್ಟರೆ ಅವಳನ್ನು ನಾನು ದೂರಲಾರೆ. ತಿದ್ದಬೇಕಾದದ್ದು ಅರ್ಜಿ ಓದುವವನ ಕಣ್ಣನ್ನು, ತಾಯಿಯ ಆಯ್ಕೆಯನ್ನಲ್ಲ.

ನನಗೆ ನೋವಾಗುವುದು ಇಲ್ಲಿಯೇ, ನಮ್ಮೂರಲ್ಲೇ. ಆ ಹುಸೇನಪ್ಪನವರ ಮೊಮ್ಮಗನೊಬ್ಬ ಕಚೇರಿಯ ಕಾಗದಗಳಲ್ಲಿ ತಂದೆಯ ತಂದೆಯ ಹೆಸರು ಬರೆಯಬೇಕಾದ ಕಡೆ ‘ಎಚ್.’ ಎಂದಷ್ಟೇ ಬರೆಯುತ್ತಾನೆ. ಒಮ್ಮೆ ಒಂದು ಕಚೇರಿಯಲ್ಲಿ ಅವನನ್ನು ನೀವು ಯಾವ ಜಾತಿ, ಯಾವ ಧರ್ಮ ಎಂದು ಎಲ್ಲರೆದುರು ಮೂರು ಸಲ ಕೇಳಿದರಂತೆ. ಅಂದಿನಿಂದ ಹಾಗೆ. ಈಗ ಆ ಮನೆಯಲ್ಲಿ ಹುಟ್ಟುವ ಮಕ್ಕಳಿಗೆ ಯಾರೂ ಆ ಹೆಸರಿಡುವುದಿಲ್ಲ, ಚೊಂಗೆ ಸುಡುವುದೂ ನಿಂತಿದೆ. ಒಂದು ಕಡೆ ಋಣವಿದ್ದ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ಮುಚ್ಚಿಡುತ್ತಿದ್ದೇವೆ. ಇನ್ನೊಂದು ಕಡೆ, ಯಾರದೆಂದು ಗೊತ್ತಿಲ್ಲದ ಹೆಸರಿಗೆ ಇಲ್ಲದ ಸಂಸ್ಕೃತ ಹಚ್ಚಿ ಮೆರೆಸುತ್ತಿದ್ದೇವೆ. ಎರಡೂ ಒಂದೇ ಅಂಜಿಕೆಯಿಂದ ಹುಟ್ಟಿದವು: ಹೊರಗಿನಿಂದ ಬಂದದ್ದು ಎಂದು ಒಪ್ಪಿಕೊಳ್ಳಲು ಅಂಜುತ್ತೇವೆ.

ಆದ್ದರಿಂದ ಮಗುವಿಗೆ ಹೆಸರು ಹುಡುಕುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಯಾವ ನಾಡಿನ ಹೆಸರನ್ನಾದರೂ ತನ್ನಿ. ತರುವ ಮೊದಲು ಆ ನುಡಿಯ ಒಬ್ಬರನ್ನಾದರೂ ಕೇಳಿ. ಜಪಾನಿನ ಹೆಸರಾದರೆ ಜಪಾನಿ ಬಲ್ಲವರನ್ನು, ಅರಬ್ಬಿಯದಾದರೆ ಪಕ್ಕದ ಓಣಿಯ ಮೌಲ್ವಿಯವರನ್ನು. ಅದು ಪದವಿಯೋ, ದೇವರದೋ, ಅವರಲ್ಲಿ ಯಾರೂ ಇಡದ ಹೆಸರೋ ಎಂದು ಅವರು ಹೇಳುತ್ತಾರೆ. ನೀವು ಯಾಕೆ ಅದನ್ನು ಆರಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜನನ ಪ್ರಮಾಣಪತ್ರದ ಜತೆಗಿಡಿ. ಮಗು ದೊಡ್ಡದಾದ ಮೇಲೆ ಕೇಳಿಯೇ ಕೇಳುತ್ತದೆ. ಮೈರಾ ಎಂದು ಇಟ್ಟಿದ್ದರೆ ಅದು ಇಂಗ್ಲಿಷ್ ಕವಿಯೊಬ್ಬ ಕಟ್ಟಿದ ಹೆಸರು, ನಮಗೆ ಇಷ್ಟವಾಯಿತು ಎನ್ನಿ. ಅದರಲ್ಲಿ ಕಡಿಮೆಯದೇನೂ ಇಲ್ಲ. ಮನೆಯ ಅಜ್ಜಿ ಅದಕ್ಕೆ ಒಂದು ‘ಅವ್ವ’ ಸೇರಿಸಿದರೆ ತಿದ್ದಬೇಡಿ.

ಅವಸರವೂ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು, ಅಷ್ಟೇ. ಹೆಸರು ಇಲ್ಲದೆಯೂ ನೋಂದಣಿ ಆಗುತ್ತದೆ. ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ.